‘ನಾನೇ ಮಾಡಿದ್ದು’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಕನ್ನಡದಲ್ಲಿ ಒಂದು ಮಾತಿಗೆ ಒತ್ತು ಕೊಡಲು ಒಂದೇ ಒಂದು ಅಕ್ಷರ ಸಾಕು. ‘ಪ್ರಾಜೆಕ್ಟ್ ನಾನು ಮಾಡಿದೆ’ ಅಂದರೆ ಅದೊಂದು ಸುದ್ದಿ. ‘ಪ್ರಾಜೆಕ್ಟ್ ನಾನೇ ಮಾಡಿದೆ’ ಅಂದರೆ ಅದರ ಹಿಂದೆ ನನ್ನ ಬೆವರು ಇದೆ, ಬೇರೆಯವರಿಂದ ಮಾಡಿಸಿಲ್ಲ, ನಕಲು ಹೊಡೆದಿಲ್ಲ ಎಂಬ ಮಾತೆಲ್ಲ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸ ಮಾಡುವುದು ಕೊನೆಯ ಒಂದು ‘ಏ’. ಹೈಸ್ಕೂಲಿನ ವ್ಯಾಕರಣ ಪಾಠದಲ್ಲಿ ಇದನ್ನೇ ಅವಧಾರಣಾರ್ಥಕ ಅವ್ಯಯ ಎಂದು ಕಲಿತು, ಪರೀಕ್ಷೆಗೆ ಬರೆದು, ಆಮೇಲೆ ಮರೆತಿರುತ್ತೇವೆ.

ಈಗ ಇದೇ ಮಾತನ್ನು ಕ್ಯಾಂಪಸ್ ಸಂದರ್ಶನದಲ್ಲಿ ಹೇಳಬೇಕಾಗಿ ಬಂತು ಎಂದುಕೊಳ್ಳಿ. ಎದುರಿಗೆ ಕೂತವರಿಗೆ ಕನ್ನಡ ಬಾರದು. ‘ಹೂ ಡಿಡ್ ದಿಸ್ ಪ್ರಾಜೆಕ್ಟ್?’ ಎಂದು ಕೇಳುತ್ತಾರೆ. ನಮ್ಮ ಬಾಯಿಗೆ ಥಟ್ಟನೆ ಬರುವುದು ‘ಐ ಓನ್ಲಿ ಡಿಡ್ ದ ಪ್ರಾಜೆಕ್ಟ್, ಸರ್’. ನಮ್ಮ ಮನಸ್ಸಿನಲ್ಲಿ ಇದ್ದದ್ದು ‘ನಾನೇ ಮಾಡಿದ್ದು’. ಅವರಿಗೆ ಕೇಳಿಸಿದ್ದು ‘ನಾನು ಬರೀ ಪ್ರಾಜೆಕ್ಟ್ ಮಾಡಿದೆ, ಅಷ್ಟೇ’ ಎಂದು. ಹೆಮ್ಮೆಯಿಂದ ಆಡಿದ ಮಾತು ತಪ್ಪೊಪ್ಪಿಗೆಯ ಹಾಗೆ ಹೋಗಿ ಮುಟ್ಟಿತು.

ಇನ್ನೊಂದು ಸಂದರ್ಭ. ‘ವೆನ್ ಕ್ಯಾನ್ ಯೂ ಜಾಯಿನ್?’ ಎಂದು ಕೇಳುತ್ತಾರೆ. ಸೋಮವಾರವೇ ಬಂದು ಸೇರಿಬಿಡುವ ಉತ್ಸಾಹದಲ್ಲಿ ‘ಆನ್ ಮಂಡೇ ಓನ್ಲಿ’ ಅನ್ನುತ್ತೇವೆ. ಕೇಳಿದವರಿಗೆ ಅದು ‘ಸೋಮವಾರ ಮಾತ್ರ, ಬೇರೆ ದಿನ ಆಗುವುದಿಲ್ಲ’ ಎಂಬ ಷರತ್ತಿನಂತೆ ಕೇಳಬಹುದು. ವ್ಯಾಕರಣದ ತಪ್ಪಾಗಿದ್ದರೆ ಅವರು ತಿದ್ದಿಕೊಂಡು ಕೇಳುತ್ತಾರೆ. ಆದರೆ ಒತ್ತು ತಪ್ಪಿದಾಗ ವಾಕ್ಯ ಸರಿಯಾಗಿಯೇ ಕಾಣುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ. ಹಾಗಾಗಿ ತಪ್ಪಾಗಿದೆ ಎಂದು ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಓದಲು ಹೋಗುವ ನಮ್ಮಂಥವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಕಲಿತವರು. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ಟೆನ್ಸ್ ಇದೆ, ವಾಯ್ಸ್ ಇದೆ, ಪ್ರಿಪೊಸಿಶನ್ ಇದೆ. ಆದರೆ ‘ನಾನೇ’, ‘ಇವತ್ತೇ’, ‘ಅಲ್ಲೇ’, ‘ಮಾಡೇ ಮಾಡ್ತೀನಿ’ ಎಂಬ ನಮ್ಮ ದಿನನಿತ್ಯದ ಮಾತುಗಳನ್ನು ಇಂಗ್ಲಿಷಿಗೆ ದಾಟಿಸುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಕಾಲೇಜಿನ ಸೆಮಿನಾರುಗಳಲ್ಲಿ ಕಿವಿಗೆ ಬಿದ್ದ ಇಂಥ ವಾಕ್ಯಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಅದರಿಂದ ಆರಿಸಿದ ಕೆಲವು ಇಲ್ಲಿವೆ.

ಮೊದಲು ‘ಮಾತ್ರ’ ಹಾಕಿ ನೋಡಿ

‘ಓನ್ಲಿ’ ಪದಕ್ಕೆ ಕನ್ನಡದ ಸರಿಯಾದ ಜೋಡಿ ‘ಮಾತ್ರ’. ‘ಏ’ ಅಲ್ಲ. ಆದ್ದರಿಂದ ಒಂದು ಸುಲಭ ಪರೀಕ್ಷೆ ಮಾಡಬಹುದು. ನೀವು ಹೇಳಬೇಕೆಂದಿರುವ ಕನ್ನಡ ವಾಕ್ಯದಲ್ಲಿ ‘ಏ’ ತೆಗೆದು ‘ಮಾತ್ರ’ ಹಾಕಿ. ಅರ್ಥ ಬದಲಾಗದಿದ್ದರೆ ‘ಓನ್ಲಿ’ ಬಳಸಿ. ಬದಲಾದರೆ ಬಳಸಬೇಡಿ.

‘ನನ್ನ ಹತ್ತಿರ ನೂರೇ ರೂಪಾಯಿ ಇದೆ’. ‘ನೂರು ರೂಪಾಯಿ ಮಾತ್ರ ಇದೆ’ ಎಂದರೂ ಅದೇ ಅರ್ಥ. ಹಾಗಾಗಿ ‘ಐ ಹ್ಯಾವ್ ಓನ್ಲಿ ಎ ಹಂಡ್ರೆಡ್ ರುಪೀಸ್’ ಸರಿ. ‘ಇವತ್ತೇ ಬರ್ತೀನಿ’. ಇದನ್ನು ‘ಇವತ್ತು ಮಾತ್ರ ಬರ್ತೀನಿ’ ಎಂದರೆ ಮಾತೇ ಬೇರೆಯಾಯಿತು. ಹಾಗಾಗಿ ‘ಟುಡೇ ಓನ್ಲಿ’ ಇಲ್ಲಿ ಬೇಡ.

ಹಾಗಾದರೆ ಏನು ಹೇಳಬೇಕು? ಇಂಗ್ಲಿಷಿನಲ್ಲಿ ‘ಏ’ಗೆ ಒಂದೇ ಪದ ಇಲ್ಲ. ಅದು ಎಲ್ಲಿ ಕೂತಿದೆ ಎಂಬುದನ್ನು ನೋಡಿಕೊಂಡು ಬೇರೆ ಬೇರೆ ಪದ ಹುಡುಕಬೇಕು. ‘ಇಲ್ಲೇ’ ಅಂದರೆ ‘ರೈಟ್ ಹಿಯರ್’. ‘ಅಲ್ಲೇ’ ಅಂದರೆ ‘ರೈಟ್ ದೇರ್’. ‘ಈಗಲೇ’ ಅಂದರೆ ‘ರೈಟ್ ನೌ’ ಅಥವಾ ‘ರೈಟ್ ಅವೇ’. ‘ಅದೇ ದಿನ’ ಅಂದರೆ ‘ದಟ್ ವೆರಿ ಡೇ’ ಅಥವಾ ‘ದ ಸೇಮ್ ಡೇ’. ‘ಒಬ್ಬನೇ ಬಂದೆ’ ಅಂದರೆ ‘ಐ ಕೇಮ್ ಅಲೋನ್’. ‘ನಾನು ಹೇಳಿದ್ದೂ ಅದನ್ನೇ’ ಅಂದರೆ ‘ದಟ್ ಈಸ್ ಎಕ್ಸಾಕ್ಟ್ಲಿ ವಾಟ್ ಐ ಸೆಡ್’. ‘ಇವತ್ತೇ ಕಳಿಸ್ತೀನಿ’ ಅನ್ನಲು ಒಳ್ಳೆಯ ದಾರಿ ಎಂದರೆ ಗಡುವನ್ನೇ ಹೇಳಿಬಿಡುವುದು: ‘ಐ ವಿಲ್ ಸೆಂಡ್ ಇಟ್ ಬೈ ದಿಸ್ ಈವ್ನಿಂಗ್’. ಸೋಮವಾರವೇ ಸೇರುವ ಉತ್ಸಾಹಕ್ಕೆ ‘ಐ ಕ್ಯಾನ್ ಜಾಯಿನ್ ಆ್ಯಸ್ ಅರ್ಲಿ ಆ್ಯಸ್ ಮಂಡೇ’ ಎಂದರೆ ಅಚ್ಚುಕಟ್ಟು.

ಇಲ್ಲ ಅನ್ನುವ ಮಾತಿಗೂ ನಮ್ಮಲ್ಲಿ ಒತ್ತು ಬೀಳುತ್ತದೆ. ‘ಒಂದೂ ತಪ್ಪಿಲ್ಲ’ ಅಂದರೆ ‘ನಾಟ್ ಎ ಸಿಂಗಲ್ ಮಿಸ್ಟೇಕ್’. ‘ಗೊತ್ತೇ ಇಲ್ಲ’ ಅಂದರೆ ‘ಐ ಹ್ಯಾವ್ ನೋ ಐಡಿಯಾ ಅಟ್ ಆಲ್’. ಕ್ರಿಯಾಪದವನ್ನು ಎರಡು ಸಲ ಹೇಳಿ ನಡುವೆ ‘ಏ’ ಸೇರಿಸುವ ‘ಬಂದೇ ಬರುತ್ತೆ’, ‘ಮಾಡೇ ಮಾಡ್ತೀನಿ’ ಎಂಬ ಸೊಗಸಾದ ರೂಪವೂ ನಮ್ಮಲ್ಲಿದೆ. ಜಗಳೂರಿನ ರೈತ ಮೋಡ ನೋಡಿ ‘ಇವತ್ತು ಮಳೆ ಬಂದೇ ಬರುತ್ತೆ’ ಎಂದರೆ ಇಂಗ್ಲಿಷಿನಲ್ಲಿ ಅದು ‘ಇಟ್ ಈಸ್ ಬೌಂಡ್ ಟು ರೇನ್ ಟುಡೇ’.

ದನಿಯಲ್ಲೇ ಇದೆ ಅರ್ಧ ಕೆಲಸ

ಕನ್ನಡದಲ್ಲಿ ಒತ್ತು ಅಕ್ಷರದ ರೂಪದಲ್ಲಿ ಪದಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ದನಿಯಲ್ಲಿ ಇರುತ್ತದೆ. ಒಂದು ಪದವನ್ನು ಸ್ವಲ್ಪ ಎತ್ತರಿಸಿ, ಸ್ವಲ್ಪ ಎಳೆದು ಹೇಳುತ್ತಾರೆ, ಉಳಿದ ಪದಗಳನ್ನು ಹಗುರವಾಗಿ ದಾಟಿಸುತ್ತಾರೆ. ನಾವಾದರೋ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ತೂಕ ಕೊಟ್ಟು ಮಾತಾಡುವವರು. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಮಾತಾಡಿದರೆ ಯಾವುದು ಮುಖ್ಯ ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲ.

‘ಐ ಪೇಯ್ಡ್ ದ ಫೀ ಆನ್ ಮಂಡೇ’ ಎಂಬ ಪುಟ್ಟ ವಾಕ್ಯ ತೆಗೆದುಕೊಳ್ಳಿ. ‘ಐ’ ಮೇಲೆ ಒತ್ತು ಹಾಕಿದರೆ ‘ಶುಲ್ಕ ಕಟ್ಟಿದ್ದು ನಾನೇ, ಅಪ್ಪ ಅಲ್ಲ’. ‘ಪೇಯ್ಡ್’ ಮೇಲೆ ಹಾಕಿದರೆ ‘ಕಟ್ಟಿ ಆಗಿದೆ, ಬಾಕಿ ಇಲ್ಲ’. ‘ಫೀ’ ಮೇಲೆ ಹಾಕಿದರೆ ‘ಕಟ್ಟಿದ್ದು ಶುಲ್ಕ, ದಂಡ ಅಲ್ಲ’. ‘ಮಂಡೇ’ ಮೇಲೆ ಹಾಕಿದರೆ ‘ಸೋಮವಾರವೇ ಕಟ್ಟಿದ್ದೇನೆ, ಕೊನೆಯ ದಿನದವರೆಗೆ ಕಾದಿಲ್ಲ’. ಪದ ಒಂದೂ ಬದಲಾಗಲಿಲ್ಲ, ನಾಲ್ಕು ಅರ್ಥ ಬಂತು. ಕನ್ನಡದಲ್ಲಾದರೆ ಇದೇ ನಾಲ್ಕು ಅರ್ಥಕ್ಕೆ ನಾಲ್ಕು ಬೇರೆ ವಾಕ್ಯಗಳನ್ನೇ ಕಟ್ಟುತ್ತಿದ್ದೆವು.

ಇದನ್ನು ಕಲಿಯಲು ದುಡ್ಡು ಕೊಡಬೇಕಿಲ್ಲ. ಮೊಬೈಲಿನಲ್ಲಿ ರೆಕಾರ್ಡರ್ ಹಾಕಿಕೊಂಡು ಈ ವಾಕ್ಯವನ್ನು ನಾಲ್ಕು ಬಗೆಯಲ್ಲಿ ಹೇಳಿ. ಮರುದಿನ ಕೇಳಿಸಿಕೊಳ್ಳಿ. ಯಾವುದು ಯಾವ ಅರ್ಥ ಎಂದು ನಿಮಗೇ ಗುರುತು ಸಿಕ್ಕರೆ ಗೆದ್ದಂತೆ. ಆಮೇಲೆ ಗೆಳೆಯರಿಗೆ ಕೇಳಿಸಿ, ಅವರು ಗುರುತಿಸುತ್ತಾರೋ ನೋಡಿ.

ಅನುಮಾನ ಇದ್ದಾಗ ‘ಡಿಡ್’

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀರಿ. ಕಚೇರಿಯವರು ‘ನಿಮ್ಮ ಅರ್ಜಿ ಬಂದೇ ಇಲ್ಲ’ ಅನ್ನುತ್ತಾರೆ. ಇಮೇಲಿನಲ್ಲಿ ಉತ್ತರ ಬರೆಯಬೇಕು. ‘ಐ ಸಬ್ಮಿಟೆಡ್ ದ ಅಪ್ಲಿಕೇಶನ್’ ಎಂದರೆ ಬರೀ ಮಾಹಿತಿ. ‘ಐ ಡಿಡ್ ಸಬ್ಮಿಟ್ ದ ಅಪ್ಲಿಕೇಶನ್ ಆನ್ ದ ಟೆನ್ತ್’ ಎಂದರೆ ‘ಹಾಕಿದ್ದೇನೆ ಸ್ವಾಮಿ, ಹತ್ತನೇ ತಾರೀಖು ಹಾಕಿದ್ದೇನೆ’ ಎಂದು ದೃಢವಾಗಿ, ಆದರೆ ಜಗಳವಿಲ್ಲದೆ ಹೇಳಿದಂತೆ.

ಇದರ ನಿಯಮ ಸುಲಭ. ಸದ್ಯದ ಮಾತಿಗೆ ‘ಡೂ’ ಅಥವಾ ‘ಡಸ್’, ಕಳೆದ ಮಾತಿಗೆ ‘ಡಿಡ್’. ಅದರ ಮುಂದೆ ಕ್ರಿಯಾಪದದ ಮೂಲ ರೂಪ. ‘ಡಿಡ್ ಸಬ್ಮಿಟೆಡ್’, ‘ಡಿಡ್ ವೆಂಟ್’ ತಪ್ಪು, ‘ಡಿಡ್ ಸಬ್ಮಿಟ್’, ‘ಡಿಡ್ ಗೋ’ ಸರಿ. ವಾಕ್ಯದಲ್ಲಿ ಮೊದಲೇ ‘ಆ್ಯಮ್’, ‘ಈಸ್’, ‘ಹ್ಯಾವ್’, ‘ವಿಲ್’, ‘ಕ್ಯಾನ್’ ಇದ್ದರೆ ‘ಡೂ’ ಬೇಕಿಲ್ಲ, ಆ ಪದವನ್ನೇ ಒತ್ತಿ ಹೇಳಿದರೆ ಸಾಕು. ‘ಐ ವಿಲ್ ಫಿನಿಶ್ ಇಟ್’ ಎಂಬಲ್ಲಿ ‘ವಿಲ್’ ಒತ್ತಿದರೆ ಅದೇ ನಮ್ಮ ‘ಮುಗಿಸೇ ಮುಗಿಸ್ತೀನಿ’. ಆಗ ‘ಐ’ಲ್’ ಎಂದು ಕುಗ್ಗಿಸಬಾರದು, ಪೂರ್ತಿ ‘ಐ ವಿಲ್’ ಎಂದೇ ಹೇಳಬೇಕು.

ಒಂದು ಎಚ್ಚರಿಕೆ. ಈ ‘ಡಿಡ್’ ಬಂದರೆ ಎದುರಿನವರಿಗೆ ಅನುಮಾನವಿತ್ತು ಅಥವಾ ಅವರು ಇಲ್ಲ ಅಂದಿದ್ದರು ಎಂದು ಅರ್ಥ. ಯಾರೂ ಅನುಮಾನಿಸದಿರುವಾಗ ಸಂದರ್ಶನದ ಮೊದಲ ಮಾತಿನಲ್ಲೇ ‘ಐ ಡಿಡ್ ಕಂಪ್ಲೀಟ್ ಮೈ ಡಿಗ್ರಿ’ ಎಂದರೆ ‘ಯಾಕಪ್ಪ, ಮುಗಿಸಿಲ್ಲ ಅಂತ ಯಾರಂದರು?’ ಎಂದು ಅವರಿಗೆ ಅನ್ನಿಸಬಹುದು. ಅಲ್ಲಿ ‘ಐ ಕಂಪ್ಲೀಟೆಡ್ ಮೈ ಡಿಗ್ರಿ’ ಸಾಕು.

ಇದೇ ‘ಡೂ’ಗೆ ಇನ್ನೊಂದು ಮೃದುವಾದ ಮುಖ ಇದೆ. ಮನೆಗೆ ಬಂದವರಿಗೆ ‘ಡೂ ಸಿಟ್ ಡೌನ್’, ಮದುವೆಗೆ ಕರೆಯುವಾಗ ‘ಡೂ ಕಮ್’ ಅನ್ನುತ್ತಾರೆ. ನಾವು ‘ತಪ್ಪದೇ ಬನ್ನಿ, ಬರಲೇಬೇಕು’ ಎಂದು ಕೈ ಹಿಡಿದು ಹೇಳುವುದಕ್ಕೆ ಇಂಗ್ಲಿಷಿನ ಜೋಡಿ ಅದು.

‘ಓದಿದ್ದು’, ‘ಆದದ್ದು’ ಎಂಬ ವಾಕ್ಯಗಳು

ಕನ್ನಡಿಗರಿಗೆ ಅತಿ ಸುಲಭವಾಗಿ ದಕ್ಕುವ ಒತ್ತು ಇದು. ಏಕೆಂದರೆ ಇದೇ ರಚನೆ ನಮ್ಮ ಮಾತಿನಲ್ಲಿ ಆಗಲೇ ಇದೆ. ‘ನಾನು ಚನ್ನಗಿರಿಯಲ್ಲಿ ಓದಿದೆ’ ಎಂಬುದನ್ನು ಒಡೆದು ‘ನಾನು ಓದಿದ್ದು ಚನ್ನಗಿರಿಯಲ್ಲಿ’ ಎಂದರೆ ಊರಿನ ಮೇಲೆ ಬೆಳಕು ಬೀಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಟ್’ ಇಂದ ಶುರುವಾಗುವ ವಾಕ್ಯ ಬಳಸುತ್ತಾರೆ. ವ್ಯತ್ಯಾಸ ಇಷ್ಟೇ: ನಾವು ಮುಖ್ಯವಾದದ್ದನ್ನು ಕೊನೆಗೆ ಇಡುತ್ತೇವೆ, ಅವರು ‘ಇಟ್ ವಾಸ್’ ಆದ ತಕ್ಷಣ ಇಡುತ್ತಾರೆ.

ನಮ್ಮ ಜಿಲ್ಲೆಯ ವಿಷಯವನ್ನೇ ಉದಾಹರಣೆಯಾಗಿ ನೋಡೋಣ. ಸ್ಪರ್ಧಾತ್ಮಕ ಪರೀಕ್ಷೆಗೂ ಉಪಯೋಗವಾಗುತ್ತದೆ. ‘ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ’ ಎಂಬುದು ‘ಇಟ್ ವಾಸ್ ಇನ್ 1997 ದಟ್ ದಾವಣಗೆರೆ ಬಿಕೇಮ್ ಎ ಡಿಸ್ಟ್ರಿಕ್ಟ್’ ಎಂದಾಗುತ್ತದೆ. ‘ಜಗಳೂರು ಬಂದದ್ದು ಚಿತ್ರದುರ್ಗ ಜಿಲ್ಲೆಯಿಂದ, ಶಿವಮೊಗ್ಗದಿಂದಲ್ಲ’ ಎಂಬುದು ‘ಇಟ್ ವಾಸ್ ಫ್ರಮ್ ಚಿತ್ರದುರ್ಗ, ನಾಟ್ ಫ್ರಮ್ ಶಿವಮೊಗ್ಗ, ದಟ್ ಜಗಳೂರು ಕೇಮ್’. ಶಿವಮೊಗ್ಗದಿಂದ ಬಂದವು ಚನ್ನಗಿರಿ ಮತ್ತು ಹೊನ್ನಾಳಿ. ‘ನ್ಯಾಮತಿ ಬೇರೆಯಾದದ್ದು ಹೊನ್ನಾಳಿ ತಾಲ್ಲೂಕಿನಿಂದ’ ಅನ್ನಲು ‘ಇಟ್ ವಾಸ್ ಫ್ರಮ್ ಹೊನ್ನಾಳಿ ತಾಲ್ಲೂಕ್ ದಟ್ ನ್ಯಾಮತಿ ವಾಸ್ ಕಾರ್ವ್ಡ್ ಔಟ್’. ಕೊಂಡುಕುರಿಗೆ ಹೆಸರಾದ ರಂಗಯ್ಯನದುರ್ಗ ವನ್ಯಧಾಮ ಚನ್ನಗಿರಿಯಲ್ಲಿದೆ ಎಂದು ಯಾರಾದರೂ ಅಂದರೆ ಆಗ ತಿದ್ದಬಹುದು: ‘ನೋ, ಇಟ್ ಈಸ್ ಇನ್ ಜಗಳೂರು ದಟ್ ಯೂ ವಿಲ್ ಫೈಂಡ್ ರಂಗಯ್ಯನದುರ್ಗ’.

ಈ ರೂಪ ತಿದ್ದುವುದಕ್ಕೆ, ಹೋಲಿಸಿ ಹೇಳುವುದಕ್ಕೆ ಚೆನ್ನ. ಬರೀ ಮಾಹಿತಿ ಕೊಡುವಾಗ ಬೇಡ. ‘ವೇರ್ ಆರ್ ಯೂ ಫ್ರಮ್?’ ಎಂದು ಕೇಳಿದರೆ ‘ಐ ಆ್ಯಮ್ ಫ್ರಮ್ ಹೊನ್ನಾಳಿ’ ಎಂದರೆ ಮುಗಿಯಿತು.

ಇದರ ತಂಗಿಯಂಥ ಇನ್ನೊಂದು ರೂಪ ‘ವಾಟ್’ ಇಂದ ಶುರುವಾಗುತ್ತದೆ. ಸಂದರ್ಶನದಲ್ಲಿ ಇದು ಬಹಳ ಉಪಯುಕ್ತ. ‘ಈ ಕೆಲಸದಲ್ಲಿ ನನಗೆ ಇಷ್ಟವಾದದ್ದು ಹಳ್ಳಿಗಳಿಗೆ ಹೋಗಿ ಮಾಡುವ ಕೆಲಸ’ ಎಂದು ಕನ್ನಡದಲ್ಲಿ ಯೋಚಿಸಿ, ‘ವಾಟ್ ಐ ಲೈಕ್ ಅಬೌಟ್ ದಿಸ್ ಜಾಬ್ ಈಸ್ ದ ವರ್ಕ್ ಇನ್ ವಿಲೇಜಸ್’ ಎನ್ನಿ. ಪದಗಳ ಸಾಲು ಬಹುಮಟ್ಟಿಗೆ ಕನ್ನಡದ್ದೇ. ‘ನನಗೆ ಬೇಕಾಗಿರೋದು ಒಂದು ಅವಕಾಶ’ ಅಂದರೆ ‘ವಾಟ್ ಐ ನೀಡ್ ಈಸ್ ಎ ಚಾನ್ಸ್’. ‘ನಾನು ಕೇಳ್ತಿರೋದು ಇಷ್ಟೇ, ಒಂದು ಅವಕಾಶ’ ಅಂದರೆ ‘ಆಲ್ ಐ ಆ್ಯಮ್ ಆಸ್ಕಿಂಗ್ ಫಾರ್ ಈಸ್ ಎ ಚಾನ್ಸ್’. ವಾಕ್ಯದ ಕೊನೆಗೆ ಮುಖ್ಯ ಪದ ಬರುವುದರಿಂದ ಯೋಚಿಸಲು ಒಂದೆರಡು ಕ್ಷಣ ಸಮಯವೂ ಸಿಗುತ್ತದೆ. ಉತ್ತರ ಹೊಳೆಯದೆ ‘ಆ್ಯಕ್ಚುಲಿ, ಬೇಸಿಕಲಿ’ ಎಂದು ತಡವರಿಸುವುದಕ್ಕಿಂತ ಇದು ಒಳ್ಳೆಯದು.

‘ಮೈಸೆಲ್ಫ್’ ಇರಬೇಕಾದ ಜಾಗ

ನಮ್ಮ ಕಡೆ ಪರಿಚಯ ಹೇಳುವಾಗ ‘ಮೈಸೆಲ್ಫ್ ರಮೇಶ್’ ಎಂದು ಶುರು ಮಾಡುವವರು ಬಹಳ. ಇದು ಯಾಕೆ ಸರಿ ಹೋಗುವುದಿಲ್ಲ ಎಂಬುದನ್ನು ಕನ್ನಡದಿಂದಲೇ ತಿಳಿಯಬಹುದು. ‘ಸೆಲ್ಫ್’ ಎಂಬುದು ಒತ್ತಿನ ಪದ. ಮೊದಲ ಸಲ ಭೇಟಿಯಾದವರ ಮುಂದೆ ನಾವು ‘ನಾನು ರಮೇಶ’ ಅನ್ನುತ್ತೇವೆಯೇ ಹೊರತು ‘ನಾನೇ ರಮೇಶ’ ಅನ್ನುವುದಿಲ್ಲ. ‘ಇಲ್ಲಿ ರಮೇಶ ಯಾರು?’ ಎಂದು ಯಾರಾದರೂ ಹುಡುಕಿಕೊಂಡು ಬಂದಾಗ ಮಾತ್ರ ‘ನಾನೇ’ ಬರುತ್ತದೆ. ಹಾಗಾಗಿ ಪರಿಚಯಕ್ಕೆ ‘ಐ ಆ್ಯಮ್ ರಮೇಶ್’ ಅಥವಾ ‘ಮೈ ನೇಮ್ ಈಸ್ ರಮೇಶ್’.

ಹಾಗಾದರೆ ‘ಮೈಸೆಲ್ಫ್’ ಎಲ್ಲಿ ಬೇಕು? ಈ ಲೇಖನದ ಮೊದಲಿಗೆ ಬಂದ ಪ್ರಶ್ನೆಗೆ ಉತ್ತರ ಕೊಡುವಾಗ ಬೇಕು. ‘ಪ್ರಾಜೆಕ್ಟ್ ನಾನೇ ಮಾಡಿದ್ದು’ ಅಂದರೆ ‘ಐ ಡಿಡ್ ದ ಪ್ರಾಜೆಕ್ಟ್ ಮೈಸೆಲ್ಫ್’. ಕೊನೆಗೆ ಬಂದ ‘ಮೈಸೆಲ್ಫ್’ ಬೇರೆಯವರಿಂದ ಮಾಡಿಸಲಿಲ್ಲ ಎಂದು ಹೇಳುತ್ತದೆ. ಯಾರ ಸಹಾಯವೂ ಇಲ್ಲದೆ ಎನ್ನಬೇಕಾದರೆ ‘ಬೈ ಮೈಸೆಲ್ಫ್’ ಅಥವಾ ‘ಆನ್ ಮೈ ಓನ್’. ಇನ್ನು ‘ಐ’ ಪಕ್ಕದಲ್ಲೇ ‘ಮೈಸೆಲ್ಫ್’ ಬಂದರೆ ‘ಸ್ವತಃ ನಾನು’ ಎಂಬ ಅರ್ಥ: ‘ಐ ಮೈಸೆಲ್ಫ್ ಹ್ಯಾವ್ ಸೀನ್ ದ ಕೆನಾಲ್ ಗೋ ಡ್ರೈ’, ಅಂದರೆ ನಾಲೆ ಒಣಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ತಂಡದಲ್ಲಿ ಮಾಡಿದ ಕೆಲಸವಾದರೆ ಯಾವ ಭಾಗ ನಿಮ್ಮದೆಂದು ಹೇಳಿ: ‘ವಿ ವರ್ ಫೋರ್ ಇನ್ ದ ಟೀಮ್. ಐ ಡಿಡ್ ದ ಸರ್ವೇ ಮೈಸೆಲ್ಫ್’. ಹೀಗೆ ಹೇಳಿದರೆ ಇಡೀ ಕೆಲಸ ನನ್ನದೇ ಎಂಬ ಜಂಬವೂ ಇಲ್ಲ, ನಿಮ್ಮ ಪಾಲಿನ ಕೆಲಸ ಮುಚ್ಚಿಹೋಗುವುದೂ ಇಲ್ಲ.

ಬಿಸಿಬಿಸಿ, ಸಣ್ಣಸಣ್ಣ

ಪದವನ್ನು ಎರಡು ಸಲ ಹೇಳಿ ಒತ್ತು ಕೊಡುವುದು ನಮ್ಮ ಹುಟ್ಟುಗುಣ. ದಾವಣಗೆರೆಯ ಬಿಸಿಬಿಸಿ ಬೆಣ್ಣೆದೋಸೆಯನ್ನು ‘ಹಾಟ್ ಹಾಟ್ ದೋಸೆ’ ಮಾಡಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಪೈಪಿಂಗ್ ಹಾಟ್’. ‘ಸಣ್ಣಸಣ್ಣ ಮಕ್ಕಳು’ ಅಂದರೆ ‘ವೆರಿ ಯಂಗ್ ಚಿಲ್ಡ್ರನ್’. ‘ಮನೆಮನೆಗೆ ಹೋಗಿ ಸರ್ವೇ ಮಾಡಿದೆವು’ ಅಂದರೆ ‘ವಿ ವೆಂಟ್ ಡೋರ್ ಟು ಡೋರ್’. ‘ಬೇರೆ ಬೇರೆ ಊರುಗಳು’ ಅಂದರೆ ‘ಮೆನಿ ಡಿಫರೆಂಟ್ ಟೌನ್ಸ್’. ‘ನಿಧಾನ ನಿಧಾನವಾಗಿ’ ಅಂದರೆ ‘ಲಿಟ್ಲ್ ಬೈ ಲಿಟ್ಲ್’. ಇಂಗ್ಲಿಷಿನಲ್ಲಿ ಪದ ಇಮ್ಮಡಿಯಾಗುವುದೇ ಇಲ್ಲ ಎಂದೇನಲ್ಲ. ನಡುವೆ ‘ಅಂಡ್’ ಹಾಕಿ ‘ಅಗೇನ್ ಅಂಡ್ ಅಗೇನ್’, ‘ಮೋರ್ ಅಂಡ್ ಮೋರ್’ ಅನ್ನುತ್ತಾರೆ.

‘ಟೂ’ ಮತ್ತು ‘ವೆರಿ’

‘ನಮ್ಮ ಕಾಲೇಜು ಟೂ ಗುಡ್’ ಅನ್ನುವುದು ನಮ್ಮಲ್ಲಿ ಹೊಗಳಿಕೆ. ಆದರೆ ‘ಟೂ’ ಅಂದರೆ ಬೇಕಾದ್ದಕ್ಕಿಂತ ಹೆಚ್ಚು, ಅತಿಯಾಯಿತು ಎಂದು. ‘ದ ಟೀ ಈಸ್ ಟೂ ಹಾಟ್’ ಅಂದರೆ ಕುಡಿಯಲಾರದಷ್ಟು ಬಿಸಿ. ಹೊಗಳಬೇಕಾದರೆ ‘ವೆರಿ ಗುಡ್’, ‘ರಿಯಲಿ ಗುಡ್’, ‘ಎಕ್ಸಲೆಂಟ್’ ಬಳಸಿ. ‘ಎಕ್ಸಲೆಂಟ್’, ‘ಪರ್ಫೆಕ್ಟ್’, ‘ಎಸೆನ್ಷಿಯಲ್’ ಇಂಥ ಪದಗಳು ಆಗಲೇ ತುದಿ ಮುಟ್ಟಿದವು. ಅವಕ್ಕೆ ‘ವೆರಿ’ ಹೊಂದುವುದಿಲ್ಲ, ‘ಅಬ್ಸಲ್ಯೂಟ್ಲಿ’ ಹೊಂದುತ್ತದೆ. ಕೆಲವು ಪದಗಳಿಗೆ ಗೊತ್ತಾದ ಜೋಡಿಗಳಿವೆ: ‘ಹೈಲಿ ಕ್ವಾಲಿಫೈಡ್’, ‘ಫುಲ್ಲಿ ಅವೇರ್’, ‘ಸ್ಟ್ರಾಂಗ್ಲಿ ರೆಕಮೆಂಡ್’, ‘ಡೀಪ್ಲಿ ಗ್ರೇಟ್‌ಫುಲ್’. ಇವನ್ನು ಒಂದೊಂದು ಪದವಾಗಿ ಅಲ್ಲ, ಜೋಡಿಯಾಗಿಯೇ ನೆನಪಿಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಕಾಡುವ ತಿರುವುಮುರುವು

ಬ್ಯಾಂಕ್ ಪರೀಕ್ಷೆ, ಎಸ್‌ಎಸ್‌ಸಿ ಪರೀಕ್ಷೆಗಳಿಗೆ ಓದುವವರಿಗೆ ‘ನೋ ಸೂನರ್’ ವಾಕ್ಯಗಳ ಪರಿಚಯ ಇದ್ದೇ ಇರುತ್ತದೆ. ಇವೂ ಒತ್ತಿನ ವಾಕ್ಯಗಳೇ. ‘ನೆವರ್’, ‘ಸೆಲ್ಡಮ್’, ‘ಹಾರ್ಡ್ಲಿ’, ‘ನಾಟ್ ಓನ್ಲಿ’ ಇಂಥ ನಿರಾಕರಣೆಯ ಪದವನ್ನು ಎಳೆದು ತಂದು ವಾಕ್ಯದ ಮೊದಲಿಗೆ ಕೂರಿಸಿದರೆ, ಮುಂದಿನ ಭಾಗ ಪ್ರಶ್ನೆಯ ರೂಪ ತಾಳುತ್ತದೆ. ‘ಐ ಹ್ಯಾವ್ ನೆವರ್ ಸೀನ್ ಸಚ್ ಎ ಡ್ರೌಟ್’ ಎಂಬುದು ‘ನೆವರ್ ಹ್ಯಾವ್ ಐ ಸೀನ್ ಸಚ್ ಎ ಡ್ರೌಟ್’ ಆಗುತ್ತದೆ.

ಸೂಳೆಕೆರೆ ಎಂದು ನಾವು ಕರೆಯುವ ಶಾಂತಿಸಾಗರದ ಬಗ್ಗೆ ಹೀಗೆ ಬರೆಯಬಹುದು: ‘ನಾಟ್ ಓನ್ಲಿ ಡಸ್ ಶಾಂತಿಸಾಗರ ಇರಿಗೇಟ್ ಫೀಲ್ಡ್ಸ್, ಬಟ್ ಇಟ್ ಆಲ್ಸೋ ಗಿವ್ಸ್ ಡ್ರಿಂಕಿಂಗ್ ವಾಟರ್’. ‘ನಾಟ್ ಓನ್ಲಿ’ ಭಾಗದಲ್ಲಿ ‘ಡಸ್’ ಬಂತು, ‘ಇರಿಗೇಟ್ಸ್’ ಹೋಗಿ ‘ಇರಿಗೇಟ್’ ಆಯಿತು. ಎರಡನೇ ಭಾಗ ಮಾಮೂಲಿ. ‘ನಾಲೆಗೆ ನೀರು ಬಂದ ಮೇಲೆಯೇ ರೈತರು ಭತ್ತ ನಾಟಿ ಮಾಡಿದರು’ ಎಂಬುದು ‘ಓನ್ಲಿ ಆಫ್ಟರ್ ದ ವಾಟರ್ ಕೇಮ್ ಡಿಡ್ ದ ಫಾರ್ಮರ್ಸ್ ಟ್ರಾನ್ಸ್‌ಪ್ಲಾಂಟ್ ಪ್ಯಾಡಿ’. ಇಲ್ಲಿ ತಿರುಗುವುದು ಎರಡನೇ ಭಾಗ, ಮೊದಲನೆಯದಲ್ಲ. ಹೆಚ್ಚು ಜನ ಎಡವುವ ಜಾಗ ಇದು. ಇನ್ನೆರಡು ಜೋಡಿ: ‘ನೋ ಸೂನರ್’ ಜೊತೆ ‘ದ್ಯಾನ್’, ‘ಹಾರ್ಡ್ಲಿ’ ಮತ್ತು ‘ಸ್ಕೇರ್ಸ್ಲಿ’ ಜೊತೆ ‘ವೆನ್’. ಈ ವಾಕ್ಯಗಳು ಬರವಣಿಗೆಗೆ, ಭಾಷಣಕ್ಕೆ ಸರಿ. ಗೆಳೆಯರ ಜೊತೆ, ಸಂದರ್ಶನದಲ್ಲಿ ಇವನ್ನು ಆಡಿದರೆ ನಾಟಕದ ಮಾತಿನಂತೆ ಕೇಳುತ್ತದೆ.

ಇಮೇಲಿನಲ್ಲಿ ಕೂಗಬೇಡಿ

ಉದ್ಯೋಗಕ್ಕೆ ಬರೆಯುವ ಪತ್ರದಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದು, ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕುವುದು, ಕೆಂಪು ಬಣ್ಣ ಹಚ್ಚುವುದು ಓದುವವರಿಗೆ ಕೂಗಿದಂತೆ ಕಾಣುತ್ತದೆ. ಬರವಣಿಗೆಯಲ್ಲಿ ಒತ್ತು ಕೊಡಲು ಎರಡು ಒಳ್ಳೆಯ ದಾರಿಗಳಿವೆ. ಒಂದು, ಮುಖ್ಯ ಮಾತನ್ನು ಒಂದು ಚಿಕ್ಕ ವಾಕ್ಯವಾಗಿ ಬೇರೆ ಸಾಲಿನಲ್ಲಿ ಬರೆಯುವುದು. ಎರಡು, ನಿಖರ ವಿವರ ಕೊಡುವುದು. ‘ವೆರಿ ವೆರಿ ಅರ್ಜೆಂಟ್’ ಎಂದು ಹತ್ತು ಸಲ ಬರೆಯುವುದಕ್ಕಿಂತ ‘ದ ಲಾಸ್ಟ್ ಡೇಟ್ ಈಸ್ ಫ್ರೈಡೇ’ ಎಂದರೆ ಬೇಗ ಕೆಲಸವಾಗುತ್ತದೆ. ‘ಐ ಆ್ಯಮ್ ವೆರಿ ಹಾರ್ಡ್‌ವರ್ಕಿಂಗ್’ ಎಂಬುದಕ್ಕಿಂತ, ಮೂರು ವರ್ಷ ಬೆಳಿಗ್ಗೆ ತೋಟದ ಕೆಲಸ ಮುಗಿಸಿ ಬಸ್ಸು ಹಿಡಿದು ಕಾಲೇಜಿಗೆ ಹೋಗಿದ್ದನ್ನು ಒಂದು ಸಾಲಿನಲ್ಲಿ ಬರೆದರೆ ತೂಕ ಹೆಚ್ಚು.

ನಾಚಿಕೆ ಪಡಬೇಕಾಗಿಲ್ಲ

ಇಷ್ಟೆಲ್ಲ ಓದಿದ ಮೇಲೆ ‘ಟುಡೇ ಓನ್ಲಿ’, ‘ದೇರ್ ಇಟ್ಸೆಲ್ಫ್’ ಅನ್ನುವವರನ್ನು ಕಂಡು ನಗಬೇಕೆಂದು ಯಾರಿಗಾದರೂ ಅನ್ನಿಸಿದರೆ, ದಯವಿಟ್ಟು ನಗಬೇಡಿ. ಅದು ದಡ್ಡತನ ಅಲ್ಲ. ತನ್ನ ತಾಯ್ನುಡಿಯ ಒಂದು ಸೂಕ್ಷ್ಮ ಅರ್ಥವನ್ನು ಇಂಗ್ಲಿಷಿನಲ್ಲೂ ಉಳಿಸಿಕೊಳ್ಳಲು ನಮ್ಮ ಜನ ಕಂಡುಕೊಂಡ ಉಪಾಯ ಅದು. ‘ಓನ್ಲಿ’ ಮತ್ತು ‘ಇಟ್ಸೆಲ್ಫ್’ಗಳ ಈ ಬಳಕೆಯನ್ನು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣ ಎಂದೇ ಭಾಷಾ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಕಾಶ್ಮೀರದಲ್ಲಿ ಹುಟ್ಟಿದ ಭಾಷಾ ವಿಜ್ಞಾನಿ ಬ್ರಜ್ ಕಚ್ರು ಇಂಗ್ಲಿಷ್ ಭಾರತೀಯವಾದ ಬಗೆಯ ಮೇಲೆ 1983ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರಲ್ಲಿ ಪ್ರಕಟವಾದ ‘ಕಾಂತಾಪುರ’ ಕಾದಂಬರಿಯಲ್ಲಿ ನಮ್ಮ ಹಳ್ಳಿಯ ಅಜ್ಜಿಯೊಬ್ಬಳು ಕಥೆ ಹೇಳುವ ಲಯವನ್ನು ಇಂಗ್ಲಿಷಿಗೆ ತಂದರು. ಅದನ್ನು ಜಗತ್ತು ಓದಿತು.

ಆದರೆ ರಾಜಾ ರಾವ್ ಅವರಿಗೆ ಎರಡೂ ಬಗೆ ಗೊತ್ತಿತ್ತು. ಗೊತ್ತಿದ್ದು ಆರಿಸಿಕೊಳ್ಳುವುದು ಬೇರೆ, ಗೊತ್ತಿಲ್ಲದೆ ಸಿಕ್ಕಿಬೀಳುವುದು ಬೇರೆ. ಊರಿನ ಗೆಳೆಯರ ಜೊತೆ ‘ಟುಡೇ ಓನ್ಲಿ’ ಎಂದರೆ ಯಾರಿಗೂ ತೊಂದರೆಯಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರ ಮುಂದೆ, ಕೆಲಸದ ಮಾತಿನಲ್ಲಿ ನಮ್ಮ ಮಾತು ನಾವು ಅಂದುಕೊಂಡ ಅರ್ಥದಲ್ಲೇ ತಲುಪಬೇಕು. ಅಷ್ಟಕ್ಕೆ ಈ ತಯಾರಿ.

ಇನ್ನೊಂದು ಮಾತು. ವಾಕ್ಯಕ್ಕೆ ಒಂದೇ ಒತ್ತು ಸಾಕು. ಎಲ್ಲ ಪದಕ್ಕೂ ಒತ್ತು ಕೊಟ್ಟರೆ ಯಾವುದಕ್ಕೂ ಕೊಡದಂತೆಯೇ. ಉತ್ತರ ಹೇಳುವ ಮೊದಲು ‘ಇದರಲ್ಲಿ ಇವರಿಗೆ ತಲುಪಲೇಬೇಕಾದ ಒಂದು ಪದ ಯಾವುದು?’ ಎಂದು ಕನ್ನಡದಲ್ಲೇ ಕೇಳಿಕೊಳ್ಳಿ. ಆ ಪದಕ್ಕೆ ಮನಸ್ಸಿನಲ್ಲಿ ‘ಏ’ ಹಚ್ಚಿ ನೋಡಿ. ಆಮೇಲೆ ಇಂಗ್ಲಿಷಿನ ಯಾವ ದಾರಿ ಅದಕ್ಕೆ ಹೊಂದುತ್ತದೆ ಎಂದು ಆರಿಸಿ.

ಒಂದು ಸಣ್ಣ ಅಭ್ಯಾಸ

ಈ ಐದು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಕೆಳಗಿನ ಉತ್ತರ ಆಮೇಲೆ ಓದಿ.

1. ಈ ವರದಿ ನಾನೇ ಬರೆದದ್ದು.
2. ನಾನು ನಿನ್ನೆಯೇ ಫೋನ್ ಮಾಡಿದ್ದೆ. (ಅವರು ‘ನೀವು ಮಾಡಲೇ ಇಲ್ಲ’ ಅಂದಿದ್ದಾರೆ.)
3. ನಮಗೆ ಬೇಕಾಗಿರೋದು ನೀರು.
4. ಅಂಗಡಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದೆ.
5. ನಾನು ಕಲಿತೇ ಕಲೀತೀನಿ.

ಉತ್ತರ: ಒಂದು, ‘ಐ ರೋಟ್ ದಿಸ್ ರಿಪೋರ್ಟ್ ಮೈಸೆಲ್ಫ್’. ಎರಡು, ‘ಐ ಡಿಡ್ ಕಾಲ್ ಯೂ ಯೆಸ್ಟರ್ಡೇ’. ಮೂರು, ‘ವಾಟ್ ವಿ ನೀಡ್ ಈಸ್ ವಾಟರ್’. ನಾಲ್ಕು, ‘ದ ಶಾಪ್ ಈಸ್ ರೈಟ್ ನೆಕ್ಸ್ಟ್ ಟು ದ ಬಸ್ ಸ್ಟ್ಯಾಂಡ್’. ಐದನೆಯದಕ್ಕೆ ‘ಐ ವಿಲ್ ಲರ್ನ್ ಇಟ್’. ‘ವಿಲ್’ ಮೇಲೆ ಪೂರ್ತಿ ಒತ್ತು ಕೊಟ್ಟು, ಗಟ್ಟಿಯಾಗಿ ಹೇಳಿ.